ಮಾರಮ್ಮ ಹಚ್ಚಿಕೊಂಡ ಅರಿಶಿನ

ನನ್ನ ಮೊಮ್ಮಗಳು ಹುಟ್ಟಿದ ನಾಲ್ಕನೆಯ ದಿನಕ್ಕೆ ಅಳುವುದನ್ನು ನಿಲ್ಲಿಸಿದಳು. ಅದನ್ನು ನಾನು ಬೀದಿಯಲ್ಲಿ ನಿಂತು ಹೆಮ್ಮೆಯಿಂದ ಹೇಳಿಕೊಂಡೆ. "ಎಂಥಾ ಜಾಣೆ ನೋಡ್ರೇ, ಮನೇಲಿ ಕೂಸೈತೆ ಅಂತಾನೇ ಗೊತ್ತಾಗಲ್ಲ" ಎಂದೆ. ಆ ಮಾತು ನೆನೆದರೆ ಈಗಲೂ ನನ್ನ ನಾಲಿಗೆ ನಾನೇ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಕೆರೆ ಏರಿ ಮೇಲಿನ ಮಾರಮ್ಮನನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಾನು ಜಯಮ್ಮ. ತೂಬಗೆರೆ ಹೋಬಳಿಯವಳು. ಇದನ್ನು ಬರೆಯಲು ಕೂತು ಮೂರು ಸಲ ಹಾಳೆ ಹರಿದು ಹಾಕಿದ್ದೇನೆ. ಬರೀ ತಾಯಿಯ ಮಹಿಮೆ ಬರೆಯುವುದಾಗಿದ್ದರೆ ಒಂದೇ ಪಟ್ಟಿಗೆ ಬರೆದು ಮುಗಿಸುತ್ತಿದ್ದೆ. ಜೊತೆಗೆ ನನ್ನ ತಪ್ಪನ್ನೂ ಬರೆಯಬೇಕಲ್ಲ, ಅದಕ್ಕೇ ಕೈ ತಡೆಯುತ್ತಿತ್ತು.

ನಮ್ಮದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಮನೆ. ಮದುವೆಯಾಗಿ ಬಂದ ವರ್ಷದಿಂದ ಹುಳ ಸಾಕುತ್ತಿದ್ದೇನೆ. ಅದರ ಜೊತೆಗೆ ಊರಿನ ಬಾಣಂತಿಯರಿಗೆ, ಕೂಸುಗಳಿಗೆ ನೀರು ಹಾಕುವ ಕೈ ನನ್ನದು. ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ಅರಿಶಿನ ತಿಕ್ಕಿ ಬಿಸಿನೀರು ಹೊಯ್ದರೆ ಕೂಸು ಅರ್ಧ ದಿನ ನಿದ್ದೆ ಹೊಡೆಯುತ್ತದೆ. ನನ್ನ ಕೈಲಿ ಬೆಳೆದ ಮಕ್ಕಳು ಈಗ ಬೈಕು ಓಡಿಸುತ್ತಿವೆ. ಆ ಜಂಬ ನನಗೆ ಚೆನ್ನಾಗಿಯೇ ಇತ್ತು. ಎದುರು ಮನೆಯ ಸುಶೀಲಳ ಮಗಳು ಕಾವೇರಿಗೂ ಹನ್ನೊಂದು ವರ್ಷದ ಹಿಂದೆ ನೀರು ಹಾಕಿದವಳು ನಾನೇ. ಆ ಹುಡುಗಿಗೆ ಕಿವಿ ಕೇಳಿಸುವುದಿಲ್ಲ, ಅದರಿಂದ ಮಾತೂ ಬರಲಿಲ್ಲ. ಹಣೆಬರಹ ಎಂದು ನಾವೆಲ್ಲ ಸುಮ್ಮನಾಗಿದ್ದೆವು.

ಹೋದ ಕಾರ್ತಿಕದಲ್ಲಿ ನನ್ನ ಒಬ್ಬಳೇ ಮಗಳು ಪವಿತ್ರ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಭಾನುವಾರ ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು, ಮೂರು ಕೆಜಿಗೆ ಸ್ವಲ್ಪ ಕಡಿಮೆ. ಮಂಗಳವಾರ ಮನೆಗೆ ಕಳಿಸಿದರು. ಕಳಿಸುವಾಗ ನರ್ಸಮ್ಮ ಒಂದು ಚೀಟಿ ಕೊಟ್ಟು, "ಗುರುವಾರ ಮಗೂನ ತಂದು ತೋರಿಸ್ಕೊಂಡ್ ಹೋಗಿ, ಮರೀಬೇಡಿ" ಎಂದಿದ್ದರು. ನಾನು ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲ ಕೆಳಗೆ ಇಟ್ಟೆ. ಐದು ದಿನದ ಹಸಿ ಬಾಣಂತೀನ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗುವವರು ಯಾರು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಬಾಣಂತಿ ಕೋಣೆಯ ಕಿಟಕಿಗೆ ಗೋಣಿತಾಟು ಒತ್ತಿದೆ. ಗಾಳಿ ಸೋಕಬಾರದು, ಕಣ್ಣು ಬೀಳಬಾರದು. ಬಾಗಿಲಿಗೆ ಕಂಬಳಿ ಇಳಿಬಿಟ್ಟೆ. ಒಳಗೆ ಸಣ್ಣ ಬಲ್ಬು, ಸಾಂಬ್ರಾಣಿ ಹೊಗೆ, ದಿಂಬಿನಡಿ ಕುಡುಗೋಲು. ಹಗಲು ಹನ್ನೆರಡು ಗಂಟೆಗೂ ಆ ಕೋಣೆಯಲ್ಲಿ ಸಂಜೆಯೇ. ಕೂಸಿಗೆ ತಲೆಯಿಂದ ಅಂಗಾಲಿನವರೆಗೆ ಅರಿಶಿನ. ಆ ಅರಿಶಿನವೂ ಅಂಗಡಿಯದಲ್ಲ, ಮಗಳ ಬಾಣಂತನಕ್ಕೆಂದು ನಾನೇ ಕೊಂಬು ಒಣಗಿಸಿ ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು ಡಬ್ಬಿ ತುಂಬಿಟ್ಟಿದ್ದು. ಅಷ್ಟು ಆಸೆಯಿಂದ ಮಾಡಿದ್ದೆ.

ಬುಧವಾರ ಆಶಾ ಕಾರ್ಯಕರ್ತೆ ನಾಗವೇಣಿ ಕೂಸನ್ನು ನೋಡಲು ಬಂದಳು. ಕಂಬಳಿ ಸರಿಸಲು ನಾನು ಬಿಡಲಿಲ್ಲ.

"ಜಯಕ್ಕ, ಒಂದ್ನಿಮಿಷ ಬೆಳಕಿಗೆ ತಾ ಮಗೂನ. ಬಣ್ಣ ನೋಡ್ಬೇಕು."

"ಬಣ್ಣ ನೋಡಕ್ಕೆ ಅದೇನು ಸೀರೆನಾ? ನಾನು ಎಷ್ಟು ಕೂಸಿಗೆ ನೀರು ಹಾಕಿದೀನಿ ಗೊತ್ತಾ? ನಿಂಗೂ ನಾನೇ ಹಾಕಿದ್ದು ಕಣೇ! ಮಲಗೈತೆ, ನಾಳೆ ಬಾ ಹೋಗು."

ಪಾಪ, ಆ ಹುಡುಗಿ ಮುಖ ಚಿಕ್ಕದು ಮಾಡಿಕೊಂಡು ಹೋದಳು.

ಅವತ್ತಿನಿಂದಲೇ ಕೂಸು ಅಳುವುದು ಕಡಿಮೆಯಾಯಿತು. ಗುರುವಾರ ಬೆಳಿಗ್ಗೆ ಎದೆಗೆ ಹಾಕಿದರೆ ಎರಡು ಸಲ ಚೀಪಿ ಬಾಯಿ ಬಿಟ್ಟು ಮಲಗಿತು. ಪವಿತ್ರ ಕೂಸಿನ ಅಂಗಾಲು ಕೆರೆದಳು, ಕಿವಿ ಸವರಿದಳು. ಅದು ಕಣ್ಣು ತೆರೆಯಲಿಲ್ಲ.

"ಅಮ್ಮಾ, ಹಾಲು ಕುಡೀತಿಲ್ಲ ಇದು. ನೆನ್ನೆ ರಾತ್ರಿಯಿಂದ ಬಟ್ಟೇನೂ ಒದ್ದೆ ಮಾಡಿಲ್ಲ."

"ನೀರು ಹಾಕಿದ ಸುಖಕ್ಕೆ ಮಲಗೈತೆ. ಏಳತ್ತೆ ಬಿಡು."

"ಗುರುವಾರ ಬನ್ನಿ ಅಂದಿದ್ರಲ್ಲಮ್ಮ..."

"ನೀನೊಬ್ಳು! ಸುಮ್ನೆ ಮಲಕ್ಕೋ."

ಮಗಳ ಬಾಯಿ ಮುಚ್ಚಿಸಿದೆ. ಮಧ್ಯಾಹ್ನ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದೆ. ಹುಳ ಮೇವು ತಿನ್ನುವಾಗ ಸಣ್ಣಗೆ ಮಳೆ ಹನಿದ ಹಾಗೆ ಸದ್ದಾಗುತ್ತದೆ. ಒಂದು ತಟ್ಟೆಯಲ್ಲಿ ಮಾತ್ರ ಸದ್ದಿರಲಿಲ್ಲ. ಆ ತಟ್ಟೆಯ ಹುಳಗಳು ತಲೆಯೆತ್ತಿ ಸುಮ್ಮನೆ ನಿಂತಿದ್ದವು. ಹಣ್ಣಾದ ಹುಳ ಹಾಗೇ, ಗೂಡು ಕಟ್ಟುವ ಮುಂಚೆ ಮೇವು ಬಿಟ್ಟುಬಿಡುತ್ತದೆ. ದಿನವೂ ನೋಡುವ ನೋಟವೇ. ಅವತ್ತು ಯಾಕೋ ಅಲ್ಲಿ ನಿಲ್ಲಲಾಗಲಿಲ್ಲ. ಸೊಪ್ಪಿನ ಕುಕ್ಕೆ ಅಲ್ಲೇ ಇಟ್ಟು ಈಚೆ ಬಂದೆ.

ಸಂಜೆ ಏರಿಯ ಬುಡಕ್ಕೆ ಹೋದೆ. ಮನೆಯಲ್ಲಿ ಹಸಿ ಬಾಣಂತಿ ಇರುವಾಗ ನಾವು ಗುಡಿ ಹತ್ತುವಂತಿಲ್ಲ, ನಿಮಗೆ ಗೊತ್ತೇ ಇದೆ. ಕೆಳಗೇ ನಿಂತು ಸೆರಗೊಡ್ಡಿದೆ. "ತಾಯಿ, ಕೂಸಿಗೆ ಏನಾಗೈತೆ ಅಂತ ನಂಗೆ ಕಾಣ್ತಿಲ್ಲ. ಕಾಣೋ ಹಂಗೆ ಮಾಡು. ನಾಳೆ ಶುಕ್ರವಾರದ ಅರಿಶಿನದ ಅಲಂಕಾರಕ್ಕೆ ನಮ್ಮನೆ ಅರಿಶಿನ ಅಷ್ಟೂ ನಿಂದೇ" ಎಂದು ಹರಸಿಕೊಂಡೆ. ಬೇರೇನು ಕೊಡಲೂ ಆಗ ತೋಚಲಿಲ್ಲ. ಕೂಸಿಗೆಂದು ಕುಟ್ಟಿದ್ದೇ ನನ್ನ ಹತ್ತಿರ ಇದ್ದ ಒಳ್ಳೆಯ ವಸ್ತು.

ಮನೆಗೆ ಬಂದು ಡಬ್ಬಿಯನ್ನು ಸುಶೀಲಳ ಕೈಗೆ ಕೊಟ್ಟೆ. "ಎಲ್ಲಾ ಕೊಟ್ಬಿಡು ಸುಶೀಲಾ, ಒಂದ್ ಚಿಟಿಕೇನೂ ವಾಪಸ್ ತರಬೇಡ" ಎಂದೆ. ಅವಳು ಯಾಕೆ ಏನು ಎಂದು ಕೇಳದೆ ಡಬ್ಬಿಯನ್ನು ಸೊಂಟಕ್ಕಿಟ್ಟುಕೊಂಡು ಏರಿ ಹತ್ತಿದಳು.

ಶುಕ್ರವಾರ ಬೆಳಿಗ್ಗೆ ಹಂಡೆ ಕಾದಿತ್ತು. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಗೂಡಿಗೆ ಕೈ ಹಾಕಿದರೆ ಡಬ್ಬಿ ಇಲ್ಲ. ಆಗ ನೆನಪಾಯಿತು. ಹೋಗಲಿ, ಒಂದು ದಿನ ಬರೀ ಕಡಲೆಹಿಟ್ಟು ಸಾಕು ಎಂದು ಹಿಟ್ಟು ತಿಕ್ಕಿದೆ, ನೀರು ಹೊಯ್ದೆ. ಮೊದಲಿನ ಅರಿಶಿನವೆಲ್ಲ ಹಳದಿ ನೀರಾಗಿ ಬಚ್ಚಲಿಗೆ ಹೋಯಿತು. ಇನ್ನೊಂದು ಚೊಂಬು ಹೊಯ್ದೆ. ನೀರು ತಿಳಿಯಾಯಿತು. ಕೂಸು ತಿಳಿಯಾಗಲಿಲ್ಲ.

ಮತ್ತೆ ತಿಕ್ಕಿದೆ. ಎದೆ ತಿಕ್ಕಿದೆ, ಹೊಟ್ಟೆ ತಿಕ್ಕಿದೆ, ತೊಡೆ ತಿಕ್ಕಿದೆ. ಬಿಸಿನೀರಿಗೂ ಅದು ಕೊಸರಾಡಲಿಲ್ಲ, ಒದ್ದೆ ಬಟ್ಟೆಯ ಹಾಗೆ ನನ್ನ ಕಾಲ ಮೇಲೆ ಬಿದ್ದುಕೊಂಡಿತ್ತು. ಬೆಳಗ್ಗಿನ ಬಿಸಿಲು ಹಿತ್ತಿಲ ಬಾಗಿಲಲ್ಲಿ ಬಿದ್ದಿತ್ತು. ಕೂಸನ್ನು ಹಾಗೇ ಎತ್ತಿಕೊಂಡು ಹೊಸ್ತಿಲಿಗೆ ಬಂದೆ. ಹಣ್ಣಾದ ಹುಳವನ್ನು ನಾವು ಅಂಗೈಲಿಟ್ಟು ಬೆಳಕಿಗೆ ಹಿಡಿದು ನೋಡುತ್ತೇವೆ. ಹಸಿ ಹುಳ ಬೆಳಕನ್ನು ಒಳಗೆ ಬಿಡುವುದಿಲ್ಲ. ಹಣ್ಣಾದದ್ದು ಒಳಗಿನಿಂದ ಹಳದಿಯಾಗಿ ಗಾಜಿನ ಹಾಗೆ ಕಾಣುತ್ತದೆ. ನನ್ನ ಮೊಮ್ಮಗಳ ಪಾದ ಆ ಬಿಸಿಲಿಗೆ ಹಾಗೇ ಕಂಡಿತು.

ಹೆಬ್ಬೆರಳಿಂದ ಎದೆ ಒತ್ತಿ ಬಿಟ್ಟೆ. ಬಿಳಿಚಬೇಕಾದ ಜಾಗ ಹಳದಿ. ರೆಪ್ಪೆ ಬಿಡಿಸಿ ನೋಡಿದೆ. ಕಣ್ಣಿನ ಬಿಳಿಯೂ ಹಳದಿ. ಕಣ್ಣೊಳಗೆ ನಾನು ಯಾವತ್ತು ಅರಿಶಿನ ಹಚ್ಚಿದ್ದೆ?

"ಪವಿತ್ರಾ! ಏಳೇ! ಸೀರೆ ಸುತ್ಕೊಳೇ!" ಎಂದು ಕಿರುಚಿದ್ದಷ್ಟೇ ಗೊತ್ತು.

ನಮ್ಮ ಯಜಮಾನರು ಹುಳದ ಮನೆಯಿಂದ ಓಡಿ ಬಂದರು. ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಡುವ ದಿನ ಅದು, ಮನೆ ಬಿಟ್ಟು ಬರುವ ಹಾಗಿಲ್ಲ. "ನೀವಿಬ್ರೂ ಹೋಗ್ರಿ, ಬಸ್ ಬರೋ ಹೊತ್ತಾಯ್ತು" ಎಂದು ರಸ್ತೆಯವರೆಗೂ ಬಂದು ಕೈ ಅಡ್ಡ ಹಾಕಿ ಬಸ್ಸು ನಿಲ್ಲಿಸಿದರು. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ತುಂಬಿದ್ದ ಬಸ್ಸು. ಬಾಣಂತಿಯನ್ನು ಕಂಡು ಇಬ್ಬರು ಎದ್ದು ಜಾಗ ಬಿಟ್ಟರು. ನಾನು ಕಿಟಕಿ ಕಡೆ ಕೂತೆ.

"ಅಜ್ಜೀ, ಮಗೀನ ಮುಖಕ್ಕೆ ಬಿಸಿಲು ಹೊಡೀತೈತೆ, ಈ ಕಡೆ ಸರ್ಕೊಳ್ಳಿ" ಎಂದ ಕಂಡಕ್ಟರ್.

"ಇರ್ಲಿ ಬಿಡಪ್ಪಾ. ಬೆಳಕು ಬೇಕು ನಂಗೆ."

ಮೂರು ದಿನ ಕತ್ತಲಲ್ಲಿಟ್ಟಿದ್ದ ಮುಖವನ್ನು ದಾರಿಯುದ್ದಕ್ಕೂ ನೋಡಿಕೊಂಡು ಹೋದೆ. ಅರ್ಧ ದಾರಿಯಲ್ಲಿ ಕೂಸು ಒಂದೇ ಒಂದು ಸಲ ಕೂಗಿತು. ಅದು ಕೂಸಿನ ಅಳುವಲ್ಲ, ಬೆಕ್ಕಿನ ಮರಿಯನ್ನು ತುಳಿದರೆ ಬರುವಂಥ ಕೀರಲು. ಬಸ್ಸಿನಲ್ಲಿ ಮಾತಾಡುತ್ತಿದ್ದ ಹುಡುಗಿಯರೆಲ್ಲ ನಮ್ಮ ಕಡೆ ತಿರುಗಿದರು. ಪವಿತ್ರ ನನ್ನ ತೋಳು ಹಿಡಿದುಕೊಂಡಳು, ಅವಳ ಉಗುರು ನಾಟಿತು.

ಆಸ್ಪತ್ರೆಯಲ್ಲಿ ನರ್ಸಮ್ಮ ಟಾರ್ಚಿನಂಥ ಒಂದು ಸಣ್ಣ ಮೆಷಿನ್ ತಂದರು. ಅದನ್ನು ಕೂಸಿನ ಹಣೆಗೆ ಒತ್ತಿದರೆ ಒಳಗಿಂದ ಫಳಕ್ ಎಂದು ಬೆಳಕು ಹೊಡೆಯುತ್ತದೆ. ಚರ್ಮದೊಳಗೆ ಹೋಗಿ ವಾಪಸ್ ಬರುವ ಬೆಳಕು ನೋಡಿ ಮೈಯಲ್ಲಿ ಕಾಮಾಲೆ ಎಷ್ಟಿದೆ ಎಂದು ಅದು ಅಂಕಿ ತೋರಿಸುತ್ತದಂತೆ. ಒತ್ತಿದರು. ಅಂಕಿ ಬರಲಿಲ್ಲ, ಬರೀ ಗೆರೆಗಳು ಮಿಣಮಿಣ ಅಂದವು. ಹಣೆ ಒರೆಸಿ ಮತ್ತೆ ಒತ್ತಿದರು. ಎದೆಯ ಮೇಲೆ ಒತ್ತಿದರು. ಅದೇ ಗೆರೆ.

"ಅರಿಶಿನ ಹಚ್ಚಿದ್ದೀರೇನಮ್ಮ?"

"ಇವತ್ತಿಲ್ಲ. ತೊಳ್ದಿದೀನಿ, ಚೆನ್ನಾಗಿ ತೊಳ್ದಿದೀನಿ."

"ಹಂಗಾದ್ರೆ ಮೆಷಿನ್ ಅಳೆಯೋಕಿಂತ ಜಾಸ್ತಿ ಐತೆ" ಎಂದವರೇ ನರ್ಸಮ್ಮ ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಓಡಿದರು.

ಹಿಮ್ಮಡಿ ಚುಚ್ಚಿ ರಕ್ತ ತೆಗೆದರು. ಇಪ್ಪತ್ತಮೂರು ಬಂತು. ತಾಯಿಯ ರಕ್ತದ ಗುಂಪೇ ಬೇರೆ, ಮಗುವಿನದೇ ಬೇರೆ, ಹಾಗಾಗಿ ಏರಿದೆ ಎಂದರು ಡಾಕ್ಟರಮ್ಮ. ಮಗಳ ವಯಸ್ಸಿನವರು. ಗದರಲಿಲ್ಲ. ಗದರಿದ್ದರೆ ಒಳ್ಳೆಯದಿತ್ತು.

"ನೆನ್ನೆ ಬನ್ನಿ ಅಂತ ಚೀಟೀಲಿ ಬರೆದಿತ್ತಲ್ವಾ ಅಮ್ಮಾ?"

"ದೇವರ ಗೂಡಲ್ಲಿ ಇಟ್ಟಿದೀನಿ" ಎಂದೆ. ಹಾಗೆಂದ ಮೇಲೆ ನನಗೇ ನಾಚಿಕೆಯಾಯಿತು.

"ಈಗ ಹತ್ತು ಗಂಟೆ. ನೀಲಿ ಬೆಳಕಿನ ಕೆಳಗೆ ಮಲಗಿಸ್ತೀವಿ. ಚರ್ಮದಲ್ಲಿ ಸೇರಿರೋ ಹಳದೀನ ಆ ಬೆಳಕು ಬದಲಾಯಿಸುತ್ತೆ, ಆಮೇಲದು ಮಲಮೂತ್ರದಲ್ಲಿ ಹೋಗುತ್ತೆ. ನಾಲ್ಕು ಗಂಟೆಗೆ ಮತ್ತೆ ರಕ್ತ ನೋಡ್ತೀವಿ. ಇಳೀದಿದ್ರೆ ಮಗೂನ ರಕ್ತಾನೇ ಬದಲಾಯಿಸ್ಬೇಕಾಗುತ್ತೆ. ಬೆಂಗಳೂರಿಗೆ ಕಳಿಸೋಕೆ ಆಂಬುಲೆನ್ಸ್ ಹೇಳಿಟ್ಟಿದೀವಿ."

"ಇಳೀದಿದ್ರೆ... ಏನಾಗತ್ತೆ ತಾಯಿ?"

"ಮಿದುಳಿಗೆ ಹೋಗುತ್ತೆ."

ಗಾಜಿನಾಚೆ ಕೂಸನ್ನು ಬರೀ ಮೈಯಲ್ಲಿ ಮಲಗಿಸಿ, ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿ, ಮೇಲೂ ಕೆಳಗೂ ನೀಲಿ ಬೆಳಕು ಬಿಟ್ಟರು. ಒಂದು ಎಳೆ ಗಾಳಿ ಸೋಕದಂತೆ ನಾನು ಮುಚ್ಚಿಟ್ಟಿದ್ದ ಕೂಸು! ಆ ಬೆಳಕಿನಲ್ಲಿ ಅದಕ್ಕೆ ಹಳದಿಯೂ ಇಲ್ಲ, ಕೆಂಪೂ ಇಲ್ಲ. ಹೆಣದ ಬಣ್ಣ. ಹಾಲು ಕುಡಿಸಲು ಒಳಗೆ ಹೋಗಿದ್ದ ಪವಿತ್ರಳ ಕೈಯೂ ಅದೇ ಬಣ್ಣ. ನಾನು ಗಾಜಿಗೆ ಮುಖ ಒತ್ತಿ ನಿಂತಿದ್ದೆ. "ಈ ಬೆಳಕಲ್ಲಿ ಬಣ್ಣ ನೋಡಿ ಏನೂ ತಿಳ್ಕೋಬೇಡಿ ಅಮ್ಮಾ. ಇದರಲ್ಲಿ ನಮಗೂ ಗೊತ್ತಾಗಲ್ಲ" ಎಂದರು ನರ್ಸಮ್ಮ. ಎಷ್ಟು ಹೊತ್ತು ನಿಂತೆನೋ. ಕೂಸಿನ ಹೊಟ್ಟೆ ಏರಿಳಿಯುವುದನ್ನೇ ಎಣಿಸಿದೆ. ನಡುವೆ ಒಮ್ಮೆ ಅದು ನಿಂತ ಹಾಗೆ ಕಂಡು ಎಣಿಕೆ ತಪ್ಪಿತು.

ಮೂರು ಗಂಟೆ ಸುಮಾರಿಗೆ ಸುಶೀಲಳ ಫೋನ್ ಬಂತು.

"ಜಯಕ್ಕ, ಮಗೀಗೆ ಹೆಂಗೈತೆ? ಗುಡೀಲಿ ನಿಂತಿದೀನಿ. ನಿನ್ ಅರಿಶಿನದಲ್ಲೇ ಕಣಕ್ಕ ಇವತ್ತು ತಾಯಿಗೆ ಅಲಂಕಾರ ಆಗಿರೋದು. ಮುಖ, ಕೈ, ಪಾದ, ಎಲ್ಲಾ ಅರಿಶಿನ. ಡಬ್ಬೀಲಿ ಒಂದ್ ಚಿಟಿಕೇನೂ ಉಳಿಸಿಲ್ಲ."

ಅಲ್ಲೇ ಗೋಡೆಗೊರಗಿ ಕುಕ್ಕರಿಸಿದೆ. ಆಗ ನನಗೆ ಹೊಳೆಯಿತು. ಕಾಣೋ ಹಂಗೆ ಮಾಡು ಎಂದು ಬೇಡಿದ್ದೆ. ತಾಯಿ ನನ್ನ ಮನೆಯ ಅರಿಶಿನವನ್ನೆಲ್ಲ ತಾನು ಹಚ್ಚಿಕೊಂಡು ಕೂಸಿನ ಮೈ ಬಿಟ್ಟುಕೊಟ್ಟಿದ್ದಳು. ಡಬ್ಬಿ ಮನೆಯಲ್ಲೇ ಇದ್ದಿದ್ದರೆ ಆ ಬೆಳಿಗ್ಗೆಯೂ ಬಳಿದು, ಕಂಬಳಿ ಇಳಿಬಿಟ್ಟು, "ಜಾಣೆ, ಮಲಗವಳೆ" ಎನ್ನುತ್ತಿದ್ದೆ. ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ನಾಲ್ಕಕ್ಕೆ ರಕ್ತ ತೆಗೆದರು. ಐದಕ್ಕೆ ಡಾಕ್ಟರಮ್ಮ ಬಂದು ಇಪ್ಪತ್ತು ಎಂದರು. "ಇಳಿದಿದೆ. ಆದ್ರೆ ಇನ್ನೂ ಧೈರ್ಯ ಹೇಳಲ್ಲ" ಎಂದರು. ಆಂಬುಲೆನ್ಸನ್ನು ವಾಪಸ್ ಕಳಿಸಲಿಲ್ಲ. ಶನಿವಾರ ಹದಿನೈದಾಯಿತು, ಭಾನುವಾರ ಹನ್ನೊಂದು. ಅವತ್ತು ಬೆಳಕು ಆರಿಸಿ ಕಣ್ಣಿನ ಬಟ್ಟೆ ಬಿಚ್ಚಿದಾಗ ನನ್ನ ಮೊಮ್ಮಗಳು ಹಸಿದು ಆಸ್ಪತ್ರೆ ಹಾರಿಹೋಗುವ ಹಾಗೆ ಅತ್ತಳು. ಅಷ್ಟು ಚೆಂದದ ಸದ್ದನ್ನು ನಾನು ಕೇಳಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಮನೆಗೆ ಕಳಿಸುವಾಗ ಡಾಕ್ಟರಮ್ಮ, "ಮೂರು ತಿಂಗಳಿಗೆ ಕಿವಿ ಪರೀಕ್ಷೆ ಮಾಡಿಸಿ. ಇಷ್ಟು ಏರಿದಾಗ ಮೊದ್ಲು ಪೆಟ್ಟು ಬೀಳೋದು ಕಿವಿಗೆ. ನಿಮ್ಮ ಕಡೆ ಯಾರಿಗಾದ್ರೂ ಕಿವಿ ಕೇಳಿಸ್ದೇ ಇರೋದು ಉಂಟಾ?" ಎಂದು ಕೇಳಿದರು.

"ಇಲ್ಲ" ಎಂದೆ. ನಮ್ಮ ಮನೆಯಲ್ಲಿ ಇಲ್ಲ. ಎದುರು ಮನೆಯಲ್ಲಿ ಇದೆ.

ಬಸ್ಸಿನಲ್ಲಿ ಬರುವಾಗ ಹನ್ನೊಂದು ವರ್ಷದ ಹಿಂದಿನದು ಒಂದೊಂದೇ ನೆನಪಾಗತೊಡಗಿತು. ಕಾವೇರಿಯೂ ಜಾಣೆಯಾಗಿದ್ದಳು. ಅವಳೂ ಹಾಲು ಬಿಟ್ಟು ಮಲಗುತ್ತಿದ್ದಳು. ಒಂದು ದಿನ ಹಾಗೇ ಕೀರಲು ಕೂಗಿದಾಗ ದೃಷ್ಟಿ ಎಂದು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದವಳೂ ನಾನೇ, ಇನ್ನಷ್ಟು ಅರಿಶಿನ ಬಳಿದವಳೂ ನಾನೇ. ಅದರಿಂದಲೇ ಹಾಗಾಯಿತು ಎಂದು ಹೇಳಲು ಈಗ ಯಾವ ಡಾಕ್ಟರಿಗೂ ಆಗುವುದಿಲ್ಲ. ಅದರಿಂದ ಅಲ್ಲ ಎಂದೂ ಯಾರೂ ನನಗೆ ಹೇಳಲಾರರು.

ಮೂರು ತಿಂಗಳು ಆ ಭಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ. ಕೂಸಿನ ಹಿಂದೆ ನಿಂತು ತಟ್ಟೆ ಬಡಿಯುತ್ತಿದ್ದೆ, ಬೆಚ್ಚಿದರೂ ನಂಬಿಕೆ ಬರುತ್ತಿರಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ಮಲಗಿದ ಕೂಸಿನ ತಲೆಗೆ ವೈರು ಅಂಟಿಸಿ ಪರೀಕ್ಷೆ ಮಾಡಿದರು. ಎರಡೂ ಕಿವಿ ಸರಿಯಾಗಿವೆ ಎಂದರು. ಪವಿತ್ರ ಅಲ್ಲೇ ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದಳು.

ಮುಂದಿನ ಶುಕ್ರವಾರ ಕೂಸನ್ನು ಎತ್ತಿಕೊಂಡು ಗುಡಿಗೆ ಹೋದೆವು. ಪೂಜೆಯಾಯಿತು. ತಾಯಿಯ ಮುಖ ನೋಡಿದೆ, ಬೇರೆ ಯಾರ ಮನೆಯದೋ ಅರಿಶಿನ ಅಂದು. ಸುಮ್ಮನೆ ಕೈಮುಗಿದು ಬರಲು ಆಗಲಿಲ್ಲ. ಏರಿ ಇಳಿದವಳೇ ಸುಶೀಲಳ ಮನೆಗೆ ಹೋದೆ. ಅವಳು ಜಗುಲಿಯಲ್ಲಿ ಕಾವೇರಿಗೆ ತಲೆ ಬಾಚುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ.

ಸುಶೀಲ ಬಾಚಣಿಗೆ ನಿಲ್ಲಿಸಲಿಲ್ಲ. ಜಡೆ ಹೆಣೆದು, ರಿಬ್ಬನ್ ಕಟ್ಟಿ, ಮಗಳ ಬೆನ್ನು ತಟ್ಟಿ ಒಳಗೆ ಕಳಿಸಿದಳು.

"ನಿನ್ ಮೊಮ್ಮಗಳ ಅರಿಶಿನದ ಡಬ್ಬೀನ ನಾನು ಹೊತ್ಕೊಂಡ್ ಹೋದೆ ಜಯಕ್ಕ" ಎಂದಳು. "ನನ್ ಮಗಳದ್ದನ್ನ ಯಾರೂ ಹೊರಲಿಲ್ಲ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ತಿಂಗಳು ನನ್ನ ಕಡೆ ತಿರುಗಿ ನೋಡಲಿಲ್ಲ. ಎದುರುಬದುರು ಮನೆ, ದಿನಕ್ಕೆ ಹತ್ತು ಸಲ ಮುಖ ಕಾಣುತ್ತದೆ. ಬೈದಿದ್ದರೂ ಸಹಿಸಬಹುದಿತ್ತು.

ನಾಗವೇಣಿಯ ಕೈ ಹಿಡಿದು ತಪ್ಪಾಯಿತು ಎಂದೆ. ಈಗ ಯಾವ ಮನೆಗೆ ನೀರು ಹಾಕಲು ಕರೆದರೂ ಮೊದಲು ಅವಳಿಗೆ ಫೋನ್ ಮಾಡಿಸುತ್ತೇನೆ, ಕಿಟಕಿಯ ತಾಟು ಕೀಳುತ್ತೇನೆ. ಕೂಸಿಗೆ ಅರಿಶಿನ ಮುಟ್ಟಿಸುವುದಿಲ್ಲ. "ಜಯಮ್ಮಂಗೆ ತಲೆ ಕೆಟ್ಟೈತೆ" ಎಂದು ನಾಲ್ಕು ಜನ ಆಡಿಕೊಂಡರು. ಆಡಿಕೊಳ್ಳಲಿ. ಅರಿಶಿನ ತಾಯಿಯ ಮುಖಕ್ಕೆ ಇರಲಿ.

ಹೋದ ವಾರ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ತೆಗೆದರೆ ಸುಶೀಲ. ಅವಳ ತಂಗಿ ಹೆತ್ತು ಮೂರು ದಿನವಾಗಿತ್ತು, ಹಿಂದಿನ ಸಂಜೆ ಮನೆಗೆ ಕರೆತಂದಿದ್ದರು. ಸುಶೀಲ ನನ್ನ ಮುಖ ನೋಡದೆ, "ಬಾ. ಬೆಳಕಿಗೆ ಹಿಡಿದು ನೋಡು" ಎಂದಳು.

ನಾನು ಹೋಗುವಷ್ಟರಲ್ಲಿ ಅವಳೇ ಕಿಟಕಿಯ ಬಟ್ಟೆ ಕಿತ್ತು ಹಾಕಿದ್ದಳು. ಬಿಸಿಲು ಚಾಪೆಯ ಮೇಲೆ ಬಿದ್ದಿತ್ತು. ಕಾವೇರಿ ಪಕ್ಕದಲ್ಲಿ ಬಂದು ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ಮಾರಮ್ಮ, ನನ್ನ ತಾಯಿ, ಕಾಣಿಸು ಎಂದುಕೊಂಡು ಕೂಸಿನ ಎದೆ ಒತ್ತಿ ಬಿಟ್ಟೆ. ಆಮೇಲೆ ರೆಪ್ಪೆ ಬಿಡಿಸಿದೆ. ಸುಶೀಲ ನನ್ನ ಭುಜದ ಮೇಲಿಂದ ಬಗ್ಗಿದಳು.

ಬೆಳ್ಳಗಿತ್ತು.